ಎರಡನೇ ಬೀಗದ ಕೈ

2004ರ ಜೂನ್ ತಿಂಗಳು. ಚೆನ್ನೈನ ವೇಳಚೇರಿಯಲ್ಲಿ ನಾನು ಮೊದಲ ಬಾಡಿಗೆ ಮನೆ ಹಿಡಿದಾಗ ಹಾಲುಕ್ಕಿಸುವುದಕ್ಕೆ ತಿಪಟೂರಿನಿಂದ ಅಮ್ಮ ಬಂದಿದ್ದಳು. ಮನೆ ಮಾಲೀಕರು ಮಹಡಿಯಿಂದ ಇಳಿದು ಬಂದು, ಒಂದು ಉಂಗುರಕ್ಕೆ ಸಿಕ್ಕಿಸಿದ ಎರಡು ಬೀಗದ ಕೈಗಳನ್ನು ನನ್ನ ಕೈಗಿತ್ತು, "ಇಂದಾಂಗೊ, ಸಾವಿ" ಅಂದರು. ಅಮ್ಮನ ಮುಖ ಬಿಳಿಚಿಕೊಂಡಿತು. ಅವರು ಅತ್ತ ಹೋದದ್ದೇ ತಡ, "ಬಿಡ್ತು ಅನ್ನು. ಹೊಸ ಮನೆಗೆ ಕಾಲಿಡೋ ಹೊತ್ತಲ್ಲಿ ಸಾವು ಗೀವು ಅಂತಾರಲ್ಲೋ ಈ ಜನ" ಅಂದಳು. ತಮಿಳಿನಲ್ಲಿ ಬೀಗದ ಕೈಗೆ ಸಾವಿ ಅನ್ನುತ್ತಾರೆ ಅಂತ ನಾನು ಅದೇ ವಾರ ಕಲಿತಿದ್ದೆ. ಬಿಡಿಸಿ ಹೇಳಿದರೂ ಅಮ್ಮನಿಗೆ ಪೂರ್ತಿ ಸಮಾಧಾನವಾಗಲಿಲ್ಲ.

"ಎರಡು ಯಾಕೆ ಕೊಟ್ಟರು?" ಅಂತ ಕೇಳಿದಳು. ಒಂದು ಕಳೆದುಹೋದರೆ ಇನ್ನೊಂದಿರಲಿ ಅಂತ, ಅಂದೆ. "ಎರಡನೇದನ್ನ ಯಾರ ಹತ್ರ ಇಡ್ತೀಯ?" ತಿಪಟೂರಿನಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮದುವೆಗೋ ಜಾತ್ರೆಗೋ ಮನೆಮಂದಿಯೆಲ್ಲ ಹೊರಟರೆ ಬೀಗದ ಕೈ ಎದುರುಮನೆ ಅಜ್ಜಿಯ ಸೊಂಟಕ್ಕೆ ಹೋಗುತ್ತಿತ್ತು. ಇಲ್ಲಿ ನನಗೆ ಯಾರ ಪರಿಚಯವೂ ಇರಲಿಲ್ಲ. ಒಂದು ಜೇಬಿನಲ್ಲಿರುತ್ತೆ, ಇನ್ನೊಂದು ಆಫೀಸಿನ ಡ್ರಾಯರಿನಲ್ಲಿ, ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ನಿನ್ನ ಹತ್ರಾನೇ ಇದ್ರೆ ಅವು ಎರಡು ಹೆಂಗಾಗ್ತವೆ?" ಅಂದಳು. ನಾನು ನಕ್ಕುಬಿಟ್ಟೆ. ಆ ಮಾತಿಗೆ ಉತ್ತರ ಹುಡುಕಬೇಕಾದ ದಿನ ಬರಲು ಹದಿನೇಳು ವರ್ಷ ಹಿಡಿಯಿತು. ಬಂದದ್ದು ಮನೆ ಬೀಗದ ವಿಚಾರವಾಗಿ ಅಲ್ಲ, ಕಂಪ್ಯೂಟರಿನ ವಿಚಾರವಾಗಿ.

ಊರು ಬಿಟ್ಟು ಬದುಕುವವರ ಸಂಸಾರ ಎರಡು ಕಡೆ ಹರಡಿಕೊಂಡಿರುತ್ತದೆ. ಸಂಬಳ ಇಲ್ಲಿ, ತೋಟದ ಕಂದಾಯ ಅಲ್ಲಿ. ಬ್ಯಾಂಕು ಎರಡು ಕಡೆ. ಪಿ.ಎಫ್., ವಿಮೆ, ಆದಾಯ ತೆರಿಗೆ, ಊರಿಗೆ ಹೋಗುವ ರೈಲಿನ ಟಿಕೆಟ್ಟು, ಪಹಣಿ, ಎಲ್ಲಕ್ಕೂ ಒಂದೊಂದು ಪಾಸ್‌ವರ್ಡ್. ನಾನು ಅವನ್ನೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. 2015ರ ಡಿಸೆಂಬರ್ 1ರಂದು ಚೆನ್ನೈನಲ್ಲಿ ಸುರಿದ ಮಳೆಯನ್ನು ನೀವು ಟಿ.ವಿ.ಯಲ್ಲಿ ನೋಡಿರುತ್ತೀರಿ. ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟರು, ಅಡಯಾರ್ ನದಿ ದಡ ಮೀರಿತು. ಕೆರೆ ಮತ್ತು ಜವುಗಿನ ಜಾಗವನ್ನು ಒತ್ತರಿಸಿ ಬೆಳೆದ ನಮ್ಮ ವೇಳಚೇರಿಯಲ್ಲಂತೂ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂತು. ನಮ್ಮದು ನೆಲಮಾಳಿಗೆಯ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಮೇಲಿದ್ದ ಮನೆ. ಮೂರನೇ ದಿನ ಬೀರು ತೆಗೆದಾಗ ನೋಟ್‌ಬುಕ್ಕು ಹಿಟ್ಟಿನ ಮುದ್ದೆಯ ಹಾಗೆ ಕೈಗೆ ಬಂತು. ಅದರ ಪಕ್ಕದಲ್ಲೇ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ನೆರೆಯಲ್ಲಿ ಕಾಗದಪತ್ರ ಕಳೆದುಕೊಂಡವರಿಗೆ ನಕಲು ಕೊಡಲು ಸರ್ಕಾರ ಆ ತಿಂಗಳು ವಿಶೇಷ ಶಿಬಿರಗಳನ್ನೇ ನಡೆಸಿತು. ಅಂಕಪಟ್ಟಿಗೆ ನಕಲು ಉಂಟು. ನನ್ನ ನೋಟ್‌ಬುಕ್ಕಿಗೆ ಯಾವ ಇಲಾಖೆ ನಕಲು ಕೊಡಬೇಕು?

ಆಗ ಕೊಂಡದ್ದು ಈ ಪಾಸ್‌ವರ್ಡ್ ಕಾಯುವ ಸಾಫ್ಟ್‌ವೇರ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದೊಂದು ಕಬ್ಬಿಣದ ಪೆಟ್ಟಿಗೆ. ನೂರು ಪಾಸ್‌ವರ್ಡ್ ಒಳಗಿರುತ್ತವೆ, ಪೆಟ್ಟಿಗೆ ತೆರೆಯುವ ಒಂದನ್ನು ಮಾತ್ರ ನೀವು ನೆನಪಿಟ್ಟುಕೊಂಡರೆ ಸಾಕು. ಅದನ್ನು ಮರೆತರೆ ಮಾಡಿಕೊಟ್ಟವನಿಗೂ ತೆರೆಯಲಾಗದು. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಪೆಟ್ಟಿಗೆ ನನ್ನ ಕಂಪ್ಯೂಟರಿನಲ್ಲೇ ಇರುತ್ತಿತ್ತು. ವರ್ಷ ವರ್ಷ ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡಿರುತ್ತಿದ್ದೆ. ಊರು ಬಿಟ್ಟ ಮೇಲೆ ಸ್ವಂತದ್ದು ಅಂತ ನಾನು ಕೊಂಡ ವಸ್ತುಗಳಲ್ಲಿ ಅದೂ ಒಂದು ಅಂತ ಅನ್ನಿಸುತ್ತಿತ್ತು. ನಗಬೇಡಿ, ಮನೆ ಬಾಡಿಗೆಯದು, ಫ್ರಿಜ್ಜು ಕಂತಿನದು, ಇದೊಂದು ನನ್ನದು!

2020ರಲ್ಲಿ ಅವರಿಂದ ಒಂದು ಇ-ಮೇಲ್ ಬಂತು. ತುಂಬ ನಯವಾದ ಪತ್ರ. ಇನ್ನು ಮುಂದೆ ವರ್ಷಕ್ಕಿಷ್ಟು ಚಂದಾ. ಪೆಟ್ಟಿಗೆಯನ್ನು ನೀವು ಇಟ್ಟುಕೊಳ್ಳುವ ತೊಂದರೆ ಬೇಡ, ಕ್ಲೌಡಿನಲ್ಲಿ, ಅಂದರೆ ನಮ್ಮ ಸರ್ವರಿನಲ್ಲಿ ಇರುತ್ತದೆ. ಹಳೆಯದನ್ನು ಬಳಸುವವರು ಬಳಸಬಹುದು, ಆದರೆ ಅದಕ್ಕೆ ಮುಂದೆ ರಿಪೇರಿ ಇಲ್ಲ. ಬೀಗಕ್ಕೆ ರಿಪೇರಿ ಇಲ್ಲ ಅಂದರೆ ಬೀಗ ಬಿಡು ಅಂದ ಹಾಗೇ ಅಲ್ಲವೆ?

ಇದು ನನ್ನೊಬ್ಬನ ಕಥೆಯಲ್ಲ. ಚಿತ್ರ ತಿದ್ದುವ ಸಾಫ್ಟ್‌ವೇರುಗಳ ಅಡೋಬಿ ಕಂಪನಿ 2013ರಲ್ಲೇ ಪೆಟ್ಟಿಗೆಯಲ್ಲಿ ಮಾರುವುದನ್ನು ಬಿಟ್ಟು ಚಂದಾದ ದಾರಿ ಹಿಡಿದಿತ್ತು. ಪಾಸ್‌ವರ್ಡ್ ಕಾಯುವವರಲ್ಲಿ ಹೆಸರಾದದ್ದು ಕೆನಡಾದ ಟೊರಾಂಟೊದ ಒನ್‌ಪಾಸ್‌ವರ್ಡ್. ನಾನು ಬಳಸುತ್ತಿದ್ದುದು ಅದಲ್ಲ, ಬೇರೆ, ಚಿಕ್ಕದು. ಒನ್‌ಪಾಸ್‌ವರ್ಡ್ 2019ರಲ್ಲಿ ಆಕ್ಸೆಲ್ ಎಂಬ ಹೂಡಿಕೆದಾರರ ಮುಂದಾಳತ್ವದಲ್ಲಿ 20 ಕೋಟಿ ಡಾಲರ್ ಬಂಡವಾಳ ಪಡೆಯಿತು. 2021ರ ಆಗಸ್ಟಿನಲ್ಲಿ ತನ್ನ ಎಂಟನೇ ಆವೃತ್ತಿಯನ್ನು ತೋರಿಸಿದಾಗ ಅದು ಚಂದಾದಾರರಿಗೆ ಮಾತ್ರ ಎಂದಿತು. ಪೆಟ್ಟಿಗೆಯನ್ನು ಸ್ವಂತ ಕಂಪ್ಯೂಟರಿನಲ್ಲಷ್ಟೇ ಇಟ್ಟುಕೊಳ್ಳುವ ಅನುಕೂಲ ಅದರಲ್ಲಿರಲಿಲ್ಲ. ವರ್ಷಗಟ್ಟಲೆ ಬಳಸಿದವರು ಸಿಟ್ಟಾದರು. ದುಡ್ಡಿನ ಮಾತು ಕೆಲವರದು. ಹೆಚ್ಚಿನವರ ನೋವು ಬೇರೆ: ನಿಮ್ಮನ್ನು ನಂಬಿ ಬಂದವರು ನಾವು, ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ.

ನಾನೂ ಆ ಸಿಟ್ಟನ್ನು ಒಂದು ವರ್ಷ ಹೊತ್ತುಕೊಂಡು ತಿರುಗಿದೆ. ಆಫೀಸಿನ ಊಟದ ಹೊತ್ತಿನಲ್ಲಿ ಮದುರೈ ಕಡೆಯ ಗೆಳೆಯನೊಬ್ಬನ ಹತ್ತಿರ ಅದನ್ನು ತೋಡಿಕೊಂಡೆ. ಅವನು ನನ್ನ ಡಬ್ಬಿಯ ಚಿತ್ರಾನ್ನಕ್ಕೆ ಕೈಹಾಕುತ್ತಾ, "ಸಾರ್, ನಾವಿಬ್ಬರೂ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯೋರು. ನಮಗೆ ಸಂಬಳ ತಿಂಗಳು ತಿಂಗಳು ಬೇಕು. ನಾವು ಮಾಡಿದ್ದನ್ನ ಮಾತ್ರ ಜನ ಒಂದೇ ಸಲ ದುಡ್ಡು ಕೊಟ್ಟು ಸಾಯೋತನಕ ಬಳಸಬೇಕಾ?" ಎಂದು ಕೇಳಿದ. ಸಾಫ್ಟ್‌ವೇರ್ ಅನ್ನೋದು ಸ್ಟೀಲ್ ಪಾತ್ರೆಯಲ್ಲ. ಫೋನು ಬದಲಾಗುತ್ತೆ, ಕಂಪ್ಯೂಟರ್ ಬದಲಾಗುತ್ತೆ, ಕಳ್ಳರೂ ಹೊಸ ವಿದ್ಯೆ ಕಲಿಯುತ್ತಾರೆ. ಬೀಗವನ್ನು ದಿನಾ ಕಾಯುವವನೊಬ್ಬ ಬೇಕು, ಅವನಿಗೆ ಕೂಲಿ ಬೇಕು. ಅವನ ವಾದ ಇದು. ಒಂದೇ ಸಲ ಮಾರಿ ಬದುಕಬೇಕಾದರೆ ಪ್ರತಿ ವರ್ಷ ಹೊಸ ಗಿರಾಕಿ ಸಿಗಬೇಕು. ಸಿಗದಿದ್ದರೆ ಹಳೆಯ ಗಿರಾಕಿಗಳ ಬೀಗ ತುಕ್ಕು ಹಿಡಿಯುತ್ತದೆ.

ಅವನ ಮಾತಿನಲ್ಲಿ ಸುಳ್ಳಿಲ್ಲ ಅಂತ ನನಗೆ ಒಳಗೊಳಗೇ ಗೊತ್ತಿತ್ತು. ಬಾಡಿಗೆ ಕೊಡುವುದು ಅವಮಾನ ಅಂತ ಹೇಳುವ ಬಾಯಿ ಚೆನ್ನೈಯಲ್ಲಿ ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲೇ ಇದ್ದ ನನಗಿಲ್ಲ. ಹಾಗಾದರೆ ನನಗೆ ಚುಚ್ಚಿದ್ದು ಯಾವುದು?

ಚಂದಾ ಎಂಬ ಮಾತನ್ನೇ ತೆಗೆದುಕೊಳ್ಳಿ. ಅಪ್ಪ 'ಕಸ್ತೂರಿ' ಮಾಸಿಕಕ್ಕೆ ಚಂದಾದಾರರಾಗಿದ್ದರು. ಕೊಬ್ಬರಿ ಮಂಡಿಯ ಗುಮಾಸ್ತರ ಸಂಬಳದಲ್ಲಿ ಕೆಲವು ವರ್ಷ ಕಟ್ಟಲಾಗುತ್ತಿರಲಿಲ್ಲ. ಆಗ ಹೊಸ ಸಂಚಿಕೆ ಬರುತ್ತಿರಲಿಲ್ಲ, ಅಷ್ಟೆ. ಅಟ್ಟದ ಮೇಲಿದ್ದ ಹಳೆಯ ಸಂಚಿಕೆಗಳನ್ನು ಹುಬ್ಬಳ್ಳಿಯಿಂದ ಯಾರೂ ಬಂದು ಕಟ್ಟಿಕೊಂಡು ಹೋಗಲಿಲ್ಲ. ಹಳೆಯ ಚಂದಾದ ನ್ಯಾಯ ಅದು: ಮುಂದಿನದು ನಿಲ್ಲಬಹುದು, ಹಿಂದಿನದು ನಿಮ್ಮದೇ. ಈ ಹೊಸ ಚಂದಾದಲ್ಲಿ ಹಿಂದಿನದೂ ಅವರ ಮನೆಯಲ್ಲಿರುತ್ತದೆ. ಅದೂ ಯಾರದು? ಅವರು ಅಚ್ಚು ಹಾಕಿದ ಪತ್ರಿಕೆಯಲ್ಲ, ನಾನೇ ಬರೆದಿಟ್ಟದ್ದು.

ಇದಕ್ಕೆ ಹತ್ತಿರದ ಹೋಲಿಕೆ ಬ್ಯಾಂಕಿನ ಲಾಕರು. ಅಲ್ಲೂ ಬಾಡಿಗೆ ಉಂಟು, ಅಲ್ಲೂ ಒಡವೆ ಬೇರೆಯವರ ಕಟ್ಟಡದಲ್ಲಿರುತ್ತದೆ, ತೆರೆಯಲು ಬ್ಯಾಂಕಿನ ಕೈಯೊಂದು ಗಿರಾಕಿಯ ಕೈಯೊಂದು ಬೇಕು. ಕೋಲ್ಕತ್ತಾದ ಒಬ್ಬ ಗಿರಾಕಿಯ ಲಾಕರನ್ನು ಬಾಡಿಗೆ ಬಾಕಿ ಎಂದು 1994ರಲ್ಲಿ ಬ್ಯಾಂಕು ಒಡೆಸಿತ್ತು. ಆತ ಬಾಡಿಗೆ ಕಟ್ಟಿಯೇ ಇದ್ದ. ಏಳು ಒಡವೆಗಳಲ್ಲಿ ಎರಡು ಮಾತ್ರ ಅವನಿಗೆ ವಾಪಸು ಬಂದವು. ಆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 2021ರ ಫೆಬ್ರವರಿಯಲ್ಲಿ ತೀರ್ಪಾಯಿತು. ಒಳಗೆ ಏನಿದೆ ನಮಗೆ ಗೊತ್ತಿಲ್ಲ ಎಂದು ಹೇಳಿ ಬ್ಯಾಂಕು ಜವಾಬ್ದಾರಿಯಿಂದ ಕೈತೊಳೆದುಕೊಳ್ಳುವಂತಿಲ್ಲ ಎಂದಿತು ಕೋರ್ಟು. ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ನಿಯಮ ಮಾಡಿ ಎಂದು ರಿಸರ್ವ್ ಬ್ಯಾಂಕಿಗೆ ಹೇಳಿತು. 2022ರ ಜನವರಿ 1ರಿಂದ ಜಾರಿಗೆ ಬಂದ ಆ ನಿಯಮದ ಪ್ರಕಾರ ಕಳವಾದರೆ, ಬೆಂಕಿ ಬಿದ್ದರೆ, ಬ್ಯಾಂಕಿನ ನೌಕರನೇ ಮೋಸ ಮಾಡಿದರೆ, ವರ್ಷದ ಬಾಡಿಗೆಯ ನೂರು ಪಟ್ಟು ಕೊಡಬೇಕು. ಗಿರಾಕಿ ಸತ್ತರೆ ನಾಮಿನಿ ಯಾರು, ಎಷ್ಟು ದಿನದಲ್ಲಿ ಅವರಿಗೆ ಒಪ್ಪಿಸಬೇಕು ಎಂಬುದೂ ಅದರಲ್ಲಿದೆ.

ಇಲ್ಲಿ ಬಾಡಿಗೆ ತಪ್ಪು ಅಂತ ಯಾರೂ ಹೇಳಿಲ್ಲ. ಇನ್ನೊಬ್ಬರ ಗಂಟನ್ನು ಬಾಡಿಗೆಗೆ ಕಾಯುವವನು ಬರಿಯ ಅಂಗಡಿಯವನಲ್ಲ, ಅವನ ಮೇಲೆ ಋಣ ಇದೆ ಅಂತ ಹೇಳಿದ್ದಾರೆ. ಹಾಗಿದ್ದರೆ ಪಾಸ್‌ವರ್ಡ್ ಕಾಯುವವನ ಋಣ ಏನು? ನನಗನ್ನಿಸುವುದು ಇಷ್ಟು. ಹೊಸ ಕರಾರು ಹೊಸದಾಗಿ ಬರುವವರಿಗೆ ಇರಲಿ, ಕೊಂಡುಕೊಳ್ಳಲು ಬಂದವನನ್ನು ಅವನ ಒಪ್ಪಿಗೆಯಿಲ್ಲದೆ ಬಾಡಿಗೆದಾರ ಮಾಡಬಾರದು. ಚಂದಾ ನಿಂತರೂ ಒಳಗಿರುವುದನ್ನು ಓದುವುದಕ್ಕೆ ಅಡ್ಡಿಯಿರಬಾರದು. ಬಿಟ್ಟು ಹೋಗುತ್ತೇನೆ ಅಂದವನಿಗೆ ಅವನ ಪಾತ್ರೆ ಪಡಗವನ್ನು ಬೇರೆಯವರ ಮನೆಯಲ್ಲೂ ಇಡಲು ಬರುವ ಹಾಗೆ ಕಟ್ಟಿಕೊಡಬೇಕು.

ಚೆನ್ನೈನ ಕನ್ನಡಿಗರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಉಡುಪಿ ಕಡೆಯಿಂದ ಬಂದ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಈ ಊರಿಗೆ ದೋಸೆಯ ರುಚಿ ಹತ್ತಿಸಿದ ಹೆಸರುಗಳಲ್ಲೊಂದು. ಕೆಥೀಡ್ರಲ್ ರಸ್ತೆಯಲ್ಲಿ 1962ರಲ್ಲಿ ಶುರುವಾದ ಅವರ ಡ್ರೈವ್-ಇನ್ ಹೋಟೆಲಿನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿದರೆ ತಟ್ಟೆ ಕಾರಿಗೇ ಬರುತ್ತಿತ್ತು. ನಾನು ಮೊದಲ ಸಂಬಳದಲ್ಲಿ ಕಾರಿಲ್ಲದಿದ್ದರೂ ಅಲ್ಲಿಗೆ ಹೋಗಿದ್ದೆ. ಜಾಗ ಗುತ್ತಿಗೆಯದು. 2008ರಲ್ಲಿ ಅದು ಮುಚ್ಚಿತು, 2010ರಲ್ಲಿ ಅದೇ ಜಾಗದಲ್ಲಿ ಸರ್ಕಾರದ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಮರಗಳ ಕೆಳಗಿನ ಜಾಗ ಹೋಯಿತು, ಅಡುಗೆಯ ಕೈ ಮತ್ತು ಹೆಸರು ಹೋಗಲಿಲ್ಲ. ಬಾಡಿಗೆದಾರನ ಮರ್ಯಾದೆ ಉಳಿಯುವುದು ಹೀಗೆ, ಹೊರಡುವಾಗ ತನ್ನದನ್ನು ಹೊತ್ತುಕೊಂಡು ಹೋಗುವಂತಿದ್ದರೆ.

ಇನ್ನು ಕ್ಲೌಡಿನ ವಿಚಾರ. ಅದು ಆಕಾಶದಲ್ಲಿಲ್ಲ. ನಮ್ಮ ಅಂಬತ್ತೂರಿನಲ್ಲಿ, ಸಿರುಸೇರಿಯಲ್ಲಿ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳಿವೆ, ಡೀಸೆಲ್ ಜನರೇಟರು ಇಟ್ಟುಕೊಂಡಿವೆ, ಅಂಥವೇ ಕ್ಲೌಡು. ಅಲ್ಲಿ ಇಟ್ಟದ್ದು ಕಳುವಾಗುವುದಿಲ್ಲವೆ? ಲಾಸ್ಟ್‌ಪಾಸ್ ಎಂಬ ಕಂಪನಿಗೆ 2022ರ ಆಗಸ್ಟಿನಲ್ಲಿ ಕನ್ನ ಬಿತ್ತು. ಗಿರಾಕಿಗಳ ಪೆಟ್ಟಿಗೆಗಳ ಪ್ರತಿಗಳೇ ಕಳ್ಳರ ಕೈಸೇರಿವೆ ಎಂದು ಡಿಸೆಂಬರಿನಲ್ಲಿ ಅದೇ ಒಪ್ಪಿಕೊಂಡಿತು. ಪಾಸ್‌ವರ್ಡುಗಳಿಗೆ ಗೂಢಲಿಪಿಯ ರಕ್ಷಣೆ ಇತ್ತು, ಯಾರು ಯಾವ ಯಾವ ತಾಣಕ್ಕೆ ಹೋಗುತ್ತಾರೆ ಎಂಬ ಪಟ್ಟಿಗೆ ಅದೂ ಇರಲಿಲ್ಲ. ಇದರಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಕಳ್ಳ ಒಂದೊಂದೇ ಪಾಸ್‌ವರ್ಡ್ ಊಹಿಸಿ ನೋಡುವುದನ್ನು ನಿಧಾನ ಮಾಡಲು ಒಂದೇ ಲೆಕ್ಕವನ್ನು ಸಾವಿರಾರು ಸಲ ಮಾಡಿಸುತ್ತಾರೆ. 2018ರಿಂದ ಹೊಸ ಖಾತೆಗಳಿಗೆ ಅದು ಆಗ 1,00,100 ಸಲ ಇತ್ತು. ಕೆಲವು ಹಳೆಯ ಖಾತೆಗಳು ಮಾತ್ರ 5,000ದಲ್ಲೇ, ಇನ್ನೂ ಕಡಿಮೆಯಲ್ಲೂ ಉಳಿದುಬಿಟ್ಟಿದ್ದವು. ಹೊಸ ನೆಂಟರಿಗೆ ಗಟ್ಟಿ ಬಾಗಿಲು, ಹಳೇ ನೆಂಟರಿಗೆ ತಡಿಕೆ.

ಹಾಗಂತ ನನ್ನ ಮನೆಯೇ ಕ್ಷೇಮ ಅಂತ ಹೇಳಲು 2015 ಬಿಡುವುದಿಲ್ಲ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚೇರಿ ಮತ್ತೆ ಮುಳುಗಿತು. ಮನೆಯಲ್ಲಿಟ್ಟರೆ ನೀರು, ಅವರಲ್ಲಿಟ್ಟರೆ ಕಳ್ಳ. ಎರಡಕ್ಕೂ ಒಂದೊಂದು ಭಯ ಇದ್ದೇ ಇದೆ. ಆದ್ದರಿಂದ ಪೆಟ್ಟಿಗೆ ಎಲ್ಲಿರಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಲ್ಲ. ಇದು ನನಗೆ ಹೊಳೆದದ್ದು ತಿಪಟೂರಿನಲ್ಲಿ.

ಕೊನೆಗೆ ನಾನೂ ಸೋತು ಚಂದಾ ಕಟ್ಟಿದ್ದೆ. 2021ರ ಅಕ್ಟೋಬರಿನಲ್ಲಿ ಅಪ್ಪ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮಾರನೇ ದಿನ ಅಮ್ಮ ದೇವರ ಪಟದ ಹಿಂದೆ ಕೈಹಾಕಿ ಟ್ರಂಕಿನ ಬೀಗದ ಕೈ ತೆಗೆದು ಕೊಟ್ಟಳು. ಒಂದು ನಿಮಿಷದಲ್ಲಿ ಅಪ್ಪನ ಬದುಕೆಲ್ಲ ನಮ್ಮ ಮುಂದಿತ್ತು. ಎಲ್.ಐ.ಸಿ. ಬಾಂಡು, ಪೋಸ್ಟಾಫೀಸಿನ ಪಾಸ್‌ಬುಕ್ಕು, ತೋಟದ ಪಹಣಿ, ಕಂದಾಯದ ರಸೀದಿಗಳು, ಯಾರಿಗೆ ಎಷ್ಟು ಕೊಡಬೇಕು ಯಾರಿಂದ ಬರಬೇಕು ಅಂತ ಬರೆದ ಒಂದು ಹಾಳೆ. ಅದನ್ನೆಲ್ಲ ಮತ್ತೆ ಜೋಡಿಸಿಡುತ್ತಾ ಅಮ್ಮ, "ನಿಂದೆಲ್ಲ ಎಲ್ಲಿಟ್ಟಿದೀಯೋ? ಅವಳಿಗೆ ಗೊತ್ತೇನೋ?" ಅಂದಳು.

ಎಲ್ಲ ಇದರಲ್ಲಿದೆ ಅಂತ ಫೋನು ತೆಗೆದು ತೋರಿಸಹೋದೆ. ನಿಮ್ಮ ಚಂದಾ ಮುಗಿದಿದೆ, ನವೀಕರಿಸಿ ಅಂತ ಬಂತು. ಆ ಒಂದು ಮಾತು ಬಿಟ್ಟು ಬೇರೇನೂ ತೆರೆಯಲಿಲ್ಲ. ಆಗಿದ್ದಿಷ್ಟು: ಆ ತಿಂಗಳ 1ನೇ ತಾರೀಕಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಿತ್ತು. ಕಾರ್ಡಿನಿಂದ ತಾನಾಗಿ ಕಡಿತವಾಗುವ ಹಣಕ್ಕೆ ಗಿರಾಕಿಯ ಒಪ್ಪಿಗೆಯನ್ನು ಹೊಸ ಕ್ರಮದಲ್ಲಿ ದಾಖಲಿಸಿರಬೇಕು. ನಮಗೆ ಗೊತ್ತಿಲ್ಲದೆ ದುಡ್ಡು ಹೋಗದಿರಲಿ ಅಂತ ಮಾಡಿದ ಒಳ್ಳೆಯ ನಿಯಮವೇ. ಆದರೆ ಎಷ್ಟೋ ವಿದೇಶಿ ಕಂಪನಿಗಳು ಅದಕ್ಕೆ ತಯಾರಾಗಿರಲಿಲ್ಲ, ಕಡಿತಗಳು ನಿಂತವು. ನನ್ನದೂ ನಿಂತಿತ್ತು. ಎರಡು ದಿನ ಬೇರೆ ದಾರಿ ಹುಡುಕಿ ದುಡ್ಡು ಕಟ್ಟಿ ಪೆಟ್ಟಿಗೆ ಬಿಡಿಸಿಕೊಂಡೆ.

ಆ ಎರಡು ದಿನ ನಾನು ಬೈದುಕೊಂಡದ್ದು ಕಂಪನಿಯನ್ನೇ. ಅದು ತಪ್ಪಲ್ಲ, ಋಣ ತೀರಿಸದವನನ್ನು ಬೈಯಬೇಕು. ಚೆನ್ನೈಗೆ ವಾಪಸು ಬರುವ ರೈಲಿನಲ್ಲಿ ಮಾತ್ರ ಬೇರೆ ಯೋಚನೆ ಹತ್ತಿತು. ಚಂದಾ ಮುಗಿಯುವುದು ಕಾರ್ಡು ನಿಂತಾಗ. ಕಾರ್ಡು ನಿಲ್ಲುವ ಇನ್ನೊಂದು ಸಂದರ್ಭ ಯಾವುದು? ಕಾರ್ಡಿನವನು ಸತ್ತಾಗ! ಅಂದರೆ ಮನೆಯವರಿಗೆ ಪೆಟ್ಟಿಗೆ ಬೇಕಾಗುವ ದಿನವೇ ಅದರ ಬಾಡಿಗೆಯೂ ನಿಲ್ಲುತ್ತದೆ. ಬಾಡಿಗೆ ಇಲ್ಲದ ಹಳೆಯ ಪೆಟ್ಟಿಗೆಯೇ ಇದ್ದಿದ್ದರೂ ಏನಾಗುತ್ತಿತ್ತು? ಅದನ್ನು ತೆರೆಯುವ ಮಾತು ನನ್ನ ತಲೆಯಲ್ಲಿ ಮಾತ್ರ ಇತ್ತು. ಒಂದು ವರ್ಷ ನಾನು ಪೆಟ್ಟಿಗೆ ನನ್ನದೋ ಅವರದೋ ಅಂತ ಜಗಳವಾಡಿದೆ. ನನ್ನ ಹೆಂಡತಿಗೆ ಅದು ಎರಡೂ ಕಾಲದಲ್ಲಿ ಒಂದೇ ಆಗಿತ್ತು, ಮುಚ್ಚಿದ ಬಾಗಿಲು. ನಿಮ್ಮನ್ನು ಬಿಟ್ಟು ಇನ್ನಾರಿಗೂ ತೆರೆಯದು ಅನ್ನುವುದನ್ನು ಈ ಸಾಫ್ಟ್‌ವೇರುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ನಾನೂ ಹೆಮ್ಮೆಯಿಂದಲೇ ಕೊಂಡಿದ್ದೆ. ಆ ಮಾತಿನಲ್ಲಿ ಕಳ್ಳನೂ ಹೆಂಡತಿಯೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ ಅಂತ ಹೊಳೆದಿರಲಿಲ್ಲ.

ಅಪ್ಪನ ಟ್ರಂಕು ಅಪ್ಪನದೇ ಆಗಿತ್ತು. ಅವರಿರುವವರೆಗೆ ಅಮ್ಮ ಅದನ್ನು ತೆರೆದವಳಲ್ಲ. ಆದರೆ ಬೀಗದ ಕೈ ಎಲ್ಲಿದೆ ಅಂತ ಅವಳಿಗೆ ಗೊತ್ತಿತ್ತು. ತನ್ನದು ಅನ್ನುವುದಕ್ಕೆ ನಮ್ಮ ಮನೆಗಳಲ್ಲಿ ಇದ್ದ ಅರ್ಥ ಅದು. ಊರಲ್ಲಿ ಇದಕ್ಕೆ ಕರಾರು ಬೇಕಿರಲಿಲ್ಲ, ಗೋಡೆಗೆ ಗೋಡೆ ಅಂಟಿಕೊಂಡಿತ್ತು. ಊರು ಬಿಟ್ಟವನು ಎರಡನೇ ಬೀಗದ ಕೈ ಕೊಡಲು ಯಾರೂ ಇಲ್ಲದೆ ಎರಡನ್ನೂ ತಾನೇ ಇಟ್ಟುಕೊಳ್ಳುತ್ತಾನೆ. ಆಮೇಲೆ ಅದನ್ನೇ ಸ್ವಾತಂತ್ರ್ಯ ಅಂತ ಕರೆಯಲು ಶುರುಮಾಡುತ್ತಾನೆ.

ಈಗ ನಾನು ಮಾಡುತ್ತಿರುವುದು ಹೀಗೆ. ಚಂದಾ ಕಟ್ಟುತ್ತೇನೆ, ಕಾಯುವವನ ಕೂಲಿ ಅಂತ ತಿಳಿದು, ಆದರೆ ಬೇರೆಯವರಿಗೆ. ನಾನು ಒಪ್ಪಿದ ಒಬ್ಬರಿಗೆ, ಅವರು ಕೇಳಿದ ಮೇಲೆ ಕೆಲವು ದಿನ ಕಾದು, ನಾನು ಬೇಡ ಅನ್ನದಿದ್ದರೆ ತೆರೆಯಲು ಬಿಡುವ ಏರ್ಪಾಡು ಬಿಟ್‌ವಾರ್ಡನ್‌ನಂಥ ಕೆಲವದರಲ್ಲಿದೆ. ಅದಕ್ಕೆ ಹೆಂಡತಿಯ ಹೆಸರು ಕೊಟ್ಟಿದ್ದೇನೆ. ಅದನ್ನಷ್ಟೇ ನಂಬಿಲ್ಲ. ವರ್ಷಕ್ಕೆರಡು ಸಲ ಎಲ್ಲವನ್ನೂ ಹೊರತೆಗೆದು ಕೀಪಾಸ್ ಎಂಬ ಸಾಫ್ಟ್‌ವೇರಿನ ಪೆಟ್ಟಿಗೆಗೆ ತುಂಬುತ್ತೇನೆ. 2003ರಿಂದ ಇರುವ ಅದು ಯಾರ ಸರ್ವರನ್ನೂ ಕೇಳುವುದಿಲ್ಲ, ದುಡ್ಡನ್ನೂ ಕೇಳುವುದಿಲ್ಲ. ಆ ಪೆಟ್ಟಿಗೆ ಪೆನ್‌ಡ್ರೈವಿನಲ್ಲಿ ತಿಪಟೂರಿಗೆ ಹೋಗುತ್ತದೆ. ತೆರೆಯುವ ಮಾತು ಒಂದು ಲಕೋಟೆಯಲ್ಲಿ ಚೆನ್ನೈನಲ್ಲಿ ಹೆಂಡತಿಯ ಹತ್ತಿರ ಇದೆ. ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದು, ಲಾಕರಿನ ಎರಡು ಕೈಗಳ ಹಾಗೆ. ಇದರಲ್ಲಿ ಅಪಾಯವಿಲ್ಲವೆ ಅಂತ ಮದುರೈ ಗೆಳೆಯ ಕೇಳಿದ. ಇದೆ. ಎದುರುಮನೆ ಅಜ್ಜಿಗೆ ಬೀಗದ ಕೈ ಕೊಡುವಾಗಲೂ ಇತ್ತು.

ಹೋದ ಸಲ ಯುಗಾದಿಗೆ ಊರಿಗೆ ಹೋದಾಗ ಪೆನ್‌ಡ್ರೈವನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೋ ಇದು?" ಅಂದಳು.

"ಸಾವಿ, ಅಮ್ಮ."

ಈ ಸಲ ಬಿಡ್ತು ಅನ್ನು ಅನ್ನಲಿಲ್ಲ. ಅಪ್ಪನ ಟ್ರಂಕು ತೆರೆದು, ಪಹಣಿಯ ಕೆಳಗೆ ಅದನ್ನಿಟ್ಟು, ಬೀಗ ಹಾಕಿ, ಕೈಯನ್ನು ದೇವರ ಪಟದ ಹಿಂದಕ್ಕೆ ಸೇರಿಸಿದಳು. ಆಮೇಲೆ ಒಳಮನೆಯಲ್ಲಿದ್ದ ನನ್ನ ಹೆಂಡತಿಯನ್ನು ಕೂಗಿ ಕರೆದು, ಅದನ್ನು ಎಲ್ಲಿಟ್ಟಿದ್ದಾಳೆ ಅಂತ ತೋರಿಸಿದಳು.